ಹುಂಡಿಯ ಬೀಗದಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ದೇವಸ್ಥಾನಗಳ ಆಡಳಿತ ಮುಜರಾಯಿ ಇಲಾಖೆಯಲ್ಲೇ ಮುಂದುವರಿಯಬೇಕೇ?

ಪರ: ಇಲಾಖೆ ಇರಲಿ

ದೊಡ್ಡ ದೇವಸ್ಥಾನವೊಂದರಲ್ಲಿ ಹುಂಡಿ ಎಣಿಸುವುದನ್ನು ಒಮ್ಮೆ ನೋಡಬೇಕು. ಜಮಖಾನದ ಮೇಲೆ ಸುರಿದ ರಾಶಿ, ಸುತ್ತ ಕೂತು ಮುದುರಿದ ನೋಟು ಬಿಡಿಸುವವರು, ಬ್ಯಾಂಕ್ ಸಿಬ್ಬಂದಿ, ತಲೆಯ ಮೇಲೆ ಕ್ಯಾಮೆರಾ. ನಡುವೆ ‘ಪಿಯುಸಿ ಪಾಸ್ ಮಾಡಿಸಪ್ಪ’ ಎಂಬ ಚೀಟಿಯೂ ಸಿಗುತ್ತದೆ. ಮರುದಿನ ಎಷ್ಟಾಯಿತೆಂದು ಪೇಪರಿನಲ್ಲಿ ಬರುತ್ತದೆ. ಖಾಸಗಿ ಟ್ರಸ್ಟಿನವರನ್ನು ಇದೇ ಪ್ರಶ್ನೆ ಕೇಳಿ ನೋಡಿ, ಪ್ರಸಾದ ಕೊಟ್ಟು ಕಳಿಸುತ್ತಾರೆ.

ಇಲಾಖೆಯ ಪಟ್ಟಿಯಲ್ಲಿ 34,000ಕ್ಕೂ ಹೆಚ್ಚು ದೇವಸ್ಥಾನಗಳಿವೆ. ಎ ಮತ್ತು ಬಿ ದರ್ಜೆಯವು ಎರಡೂ ಸೇರಿ 400ರ ಆಸುಪಾಸು. ಉಳಿದವೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿಯೂ ಹುಟ್ಟದ ಸಿ ದರ್ಜೆಯವು. ಕುಕ್ಕೆ ಸುಬ್ರಹ್ಮಣ್ಯದ ವರ್ಷದ ಆದಾಯ 100 ಕೋಟಿ ದಾಟಿದೆ. ಊರಾಚೆಯ ಈಶ್ವರನ ಗುಡಿಯಲ್ಲಿ ಸಂಜೆ ದೀಪದೆಣ್ಣೆಗೂ ಲೆಕ್ಕ ಹಾಕಬೇಕು. ಉಳ್ಳ ದೇವರಿಂದ ಇಷ್ಟು ತೆಗೆದು ಇಲ್ಲದ ದೇವರಿಗೆ ಕೊಡುವ ಸಾಮಾನ್ಯ ಸಂಗ್ರಹ ನಿಧಿ ಇರುವುದು ಇದಕ್ಕೇ. ಈ ದುಡ್ಡು ಬೇರೆ ಧರ್ಮದವರಿಗೆ ಹೋಗುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಮಾತು ಸುಳ್ಳು. ಅದನ್ನು ಹಿಂದೂ ಧಾರ್ಮಿಕ ಕೆಲಸಗಳಿಗೇ ಬಳಸಬೇಕೆಂದು ಕಾಯ್ದೆ ಹೇಳುತ್ತದೆ.

‘ಭಕ್ತರಿಗೆ ಬಿಟ್ಟುಕೊಡಿ’ ಎನ್ನುತ್ತಾರೆ. ಯಾವ ಭಕ್ತರಿಗೆ? 2008ರಲ್ಲಿ ಗೋಕರ್ಣದ ಮಹಾಬಲೇಶ್ವರ ದೇವಸ್ಥಾನವನ್ನು ಪಟ್ಟಿಯಿಂದ ತೆಗೆದು ರಾಮಚಂದ್ರಾಪುರ ಮಠಕ್ಕೆ ಕೊಟ್ಟರು. ಊರು ಎರಡು ಪಾಲಾಯಿತು. ಹತ್ತು ವರ್ಷದ ಮೇಲೆ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿಯ ಕೈಗೆ ಅದನ್ನು ಒಪ್ಪಿಸಿತು. ಒಂದು ದೇವಸ್ಥಾನಕ್ಕೇ ಇಷ್ಟು ರಾದ್ಧಾಂತ. ಊರ ಗುಡಿ ಊರಿನ ಗಟ್ಟಿಕುಳಗಳ ಕೈಗೆ ಹೋದರೆ ಕೇರಿಯವರು ಹೊಸಿಲು ದಾಟುವುದು ಯಾರ ಧೈರ್ಯದ ಮೇಲೆ?

ವಿರೋಧ: ಸರ್ಕಾರ ಕೈ ತೆಗೆಯಲಿ

ಬಡ ಗುಡಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಅದು ಬಡವಾದದ್ದು ಹೇಗೆ? ಆ ಈಶ್ವರನಿಗೂ ಇನಾಂ ಗದ್ದೆ ಇತ್ತು. ಮೈಸೂರು ಸೀಮೆಯಲ್ಲಿ 1955ರ ಇನಾಂ ರದ್ದತಿ ಕಾಯ್ದೆಯಲ್ಲಿ ಕೆಲವು ಹೋದವು, 1974ರ ಭೂಸುಧಾರಣೆಯಲ್ಲಿ ಇನ್ನಷ್ಟು. ಉಳುವವನಿಗೆ ಭೂಮಿ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ, ಅದು ಆಗಬೇಕಾದದ್ದೇ. ಆದರೆ ಹೋದ ಜಮೀನಿನ ಬದಲಿಗೆ ಬರುವ ತಸ್ತೀಕನ್ನು ಸರ್ಕಾರದ ಕೃಪೆ ಎಂಬಂತೆ ಹೇಳಬಾರದು. 2022ರಲ್ಲಿ ಅದನ್ನು ವರ್ಷಕ್ಕೆ 48,000ದಿಂದ 60,000 ರೂಪಾಯಿಗೆ ಏರಿಸಿದರು. ಆಗ ದಿನಕ್ಕೆ ಭಾಗಿಸಿದರೆ ಬಿದ್ದದ್ದು 164 ರೂಪಾಯಿ. ಎಣ್ಣೆ, ಬತ್ತಿ, ಹೂವು, ನೈವೇದ್ಯದ ಅಕ್ಕಿ ಎಲ್ಲ ಅದರಲ್ಲೇ. ಮಿಕ್ಕಿದ್ದು ಅರ್ಚಕರ ಮನೆಗೆ.

ಸರ್ಕಾರ ಎಲ್ಲಿಯವರೆಗೆ ಕೈ ಹಾಕಬಹುದೆಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದೇ ನಮ್ಮ ಉಡುಪಿಯಿಂದ, ಆಗಿನ್ನೂ ಅದು ಮದ್ರಾಸಿನಲ್ಲಿತ್ತು. ಮದ್ರಾಸ್ ಸರ್ಕಾರ ಮಠಗಳಿಂದ ಕೇಳುತ್ತಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು 1954ರ ಶಿರೂರು ಮಠದ ತೀರ್ಪು ಹೇಳಿತು. ಎಪ್ಪತ್ತು ವರ್ಷ ಕಳೆದರೂ ಅದೇ ಜಗ್ಗಾಟ. 2024ರ ಮಸೂದೆ 1 ಕೋಟಿ ಮೀರಿದ ಆದಾಯದಲ್ಲಿ ಶೇ 10 ಕೇಳಿತು, ಅದೂ ಖರ್ಚು ಕಳೆದು ಉಳಿದದ್ದರಲ್ಲಿ ಅಲ್ಲ, ಒಟ್ಟು ಆದಾಯದಲ್ಲಿ. ಆ ಫೆಬ್ರುವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಬಿದ್ದರೂ ಮತ್ತೆ ತಂದು ಪಾಸು ಮಾಡಿದರು.

ಚರ್ಚಿನ ಆಡಳಿತಕ್ಕೆ ಇಂಥ ಇಲಾಖೆ ಇಲ್ಲ. ವಕ್ಫ್‌ಗೆ 1995ರ ಕಾಯ್ದೆ, ಮಂಡಳಿ ಎರಡೂ ಇವೆ, ಅದನ್ನು ಮರೆಮಾಚುವುದು ತಪ್ಪು. ಹಿಂದೂಗಳಲ್ಲೇ ಮಠಗಳಿಗೆ, ಈ ಇಲಾಖೆ ನಡೆಯುವ 1997ರ ಕಾಯ್ದೆ ಅನ್ವಯವಾಗುವುದಿಲ್ಲ. ಅಂದಮೇಲೆ ಸಿಕ್ಕಿಬಿದ್ದದ್ದು ಊರ ದೇವರು.

ಕೇರಿಯವರ ಹೊಸಿಲಿನ ಮಾತಿಗೆ ಮಂಗಳೂರಿನ ಕುದ್ರೋಳಿ ನೋಡಿ. ಬೇರೆ ದೇವಸ್ಥಾನಗಳು ಒಳಗೆ ಬಿಟ್ಟುಕೊಳ್ಳದ ಬಿಲ್ಲವರು 1912ರಲ್ಲಿ ನಾರಾಯಣ ಗುರುಗಳಿಂದ ಪ್ರತಿಷ್ಠೆ ಮಾಡಿಸಿ ತಮ್ಮದೇ ದೇವಸ್ಥಾನ ನಡೆಸಿದರು. ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದೂ ಅಲ್ಲೇ, ಇಲಾಖೆಯ ಸುತ್ತೋಲೆ ಬೇಕಾಗಲಿಲ್ಲ.

ಲೆಕ್ಕ ತಪಾಸಣೆ ಇರಲಿ, ಕಳ್ಳತನಕ್ಕೆ ಪೊಲೀಸರಿದ್ದಾರೆ. ಅದಕ್ಕಾಗಿ ಗರ್ಭಗುಡಿಯ ಪಕ್ಕ ಆಫೀಸು ತೆರೆದು ಕೂರಬೇಕಿಲ್ಲ. 2021ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸುವ ಕಾನೂನು ತರುತ್ತೇವೆಂದು ಹುಬ್ಬಳ್ಳಿಯಲ್ಲಿ ಹೇಳಿದ್ದರು. ಕಾನೂನು ಬರಲಿಲ್ಲ, 2023ರಲ್ಲಿ ಸರ್ಕಾರವೇ ಹೋಯಿತು. ಸಿ ದರ್ಜೆಯ ಅರ್ಚಕರು ತಸ್ತೀಕು ಬಂತೇ ಎಂದು ತಾಲೂಕು ಕಚೇರಿಗೆ ಎಡತಾಕುವುದು ನಿಂತಿಲ್ಲ.