ಕಾಲಿಲ್ಲದ ಕೊಕ್ಕರೆ

ಗಾಜಿನಲ್ಲಿ ಪ್ರಾಣಿಪಕ್ಷಿಗಳನ್ನು ಮಾಡುವ ಹವ್ಯಾಸಕ್ಕೆ ಕೈಹಾಕಿದಾಗ ನಾನು ಮೊದಲು ಆರಿಸಿಕೊಂಡದ್ದು ಕೊಕ್ಕರೆಯನ್ನು. ಉದ್ದನೆಯ ಕೊರಳು, ಉದ್ದನೆಯ ಕಾಲು, ಮೈ ಎಂಬುದು ಇದ್ದೂ ಇಲ್ಲದಷ್ಟು; ಇಷ್ಟು ಕಡಿಮೆ ಸಾಮಗ್ರಿಯ ಹಕ್ಕಿಯನ್ನು ಮಾಡುವುದೇನು ಮಹಾ ಎಂಬುದು ನನ್ನ ಲೆಕ್ಕವಾಗಿತ್ತು. ಗಾಜಿನ ಲೆಕ್ಕ ಬೇರೆಯೇ ಇತ್ತು.

ಟಾರ್ಚಿನ ಉರಿಯಲ್ಲಿ ಕರಗಿದ ಗಾಜು ಜೇನುತುಪ್ಪದಂತೆ ಜಾರುತ್ತದೆ, ಮತ್ತು ಮೇಲ್ಮೈ ಸೆಳೆತದ ದೆಸೆಯಿಂದ ಗುಂಡಗಾಗುವುದೊಂದನ್ನೇ ಬಯಸುತ್ತದೆ. ಹಿಡಿದ ಕಡ್ಡಿಯನ್ನು ಒಂದೇ ಸಮನೆ ತಿರುಗಿಸುತ್ತಿರಬೇಕು. ನಡುವೆ ಒಂದು ಸೀನು ಬಂದರೂ ಸಾಕು, ಕೊರಳು ಮೈಯೊಳಗೆ ಇಳಿದುಹೋಗುತ್ತದೆ. ಹೀಗೆ ನನ್ನ ಕೊಕ್ಕರೆ ಮೊದಲ ಸಂಜೆಯೇ ಬಾತುಕೋಳಿಯಾಯಿತು, ಅದರ ಕೊಕ್ಕನ್ನು ಸರಿಪಡಿಸಹೋದಾಗ ಕಪ್ಪೆಯಾಯಿತು, ಕಪ್ಪೆಯ ಕಾಲುಗಳೂ ಕರಗಿದ ಮೇಲೆ ಉಳಿದುದಕ್ಕೆ ಪ್ರಾಣಿಶಾಸ್ತ್ರದಲ್ಲಿ ಹೆಸರಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನನ್ನು ಜನ ಯಾಕಾದರೂ ಆಡಿಕೊಳ್ಳುತ್ತಾರೋ. ಅವನು ಕುಟುಂಬದೊಳಗೇ ಉಳಿದಿದ್ದನಲ್ಲ!

ನನ್ನನ್ನು ಈ ದಾರಿಗೆ ಎಳೆದವರು ಡ್ರೆಸ್ಡೆನ್ನಿನ ಲಿಯೋಪೋಲ್ಡ್ ಮತ್ತು ರುಡಾಲ್ಫ್ ಬ್ಲಾಷ್ಕಾ ಎಂಬ ತಂದೆ-ಮಗ. 1887ರಿಂದ 1936ರವರೆಗೆ, ತಂದೆ 1895ರಲ್ಲಿ ತೀರಿಕೊಂಡ ಮೇಲೂ ಬಿಡದೆ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಸುಮಾರು 4,300 ಗಾಜಿನ ಸಸ್ಯಮಾದರಿಗಳನ್ನು ಮಾಡಿಕೊಟ್ಟವರು ಅವರು. ಅದಕ್ಕೂ ಮೊದಲು ಅವರ ಕೈ ಪಳಗಿದ್ದು ಜೆಲ್ಲಿ ಮೀನಿನಂಥ ಕಡಲಜೀವಿಗಳಲ್ಲಿ, ಅಂದರೆ ಕಾಲಿಲ್ಲದವುಗಳಲ್ಲಿ. (ಅವರು ಆಕ್ಟೋಪಸ್ಸನ್ನೂ ಮಾಡಿದ್ದರು ಎಂಬುದನ್ನು ಸದ್ಯಕ್ಕೆ ಮರೆತಿದ್ದೇನೆ.)

ಎರಡನೆಯ ವಾರ ನಿಜವಾಗಿಯೂ ಕೊಕ್ಕರೆಯಂತೆ ಕಾಣುವ ಒಂದು ಕೊಕ್ಕರೆ ಮೂಡಿತು. ಇಂಥದ್ದನ್ನು ಸುಮಾರು 500 ಡಿಗ್ರಿ ಕಾವಿನ ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು, ಇಲ್ಲದಿದ್ದರೆ ಹೊರಮೈ ಒಂದು ವೇಗದಲ್ಲಿ, ಒಳಮೈ ಇನ್ನೊಂದು ವೇಗದಲ್ಲಿ ಕುಗ್ಗಿ ಗಾಜು ತನ್ನೊಳಗೇ ಜಗಳವಾಡುತ್ತದೆ ಎಂಬುದು ನನಗೆ ತಿಳಿದಿತ್ತು. ಆದರೆ ಅಷ್ಟು ಹೊತ್ತು ಅದನ್ನು ನೋಡದೆ ಇರಲಾರದೆ ಮೇಜಿನ ಮೇಲೆಯೇ ಇಟ್ಟುಕೊಂಡೆ. ರಾತ್ರಿ ಊಟಕ್ಕೆ ಕುಳಿತಿದ್ದಾಗ ಕೋಣೆಯಿಂದ ‘ಟಿಣ್’ ಎಂಬ ಸಣ್ಣ ಸದ್ದು ಬಂತು. ಹೋಗಿ ನೋಡಿದರೆ ಕಾಲು ಒಂದು ಕಡೆ, ಕೊಕ್ಕರೆ ಇನ್ನೊಂದು ಕಡೆ. ಮುರಿದ ಕಾಲಿಗೆ ಬೆಸುಗೆ ಹಾಕಲು ಮತ್ತೆ ಟಾರ್ಚು ಹೊತ್ತಿಸಿದೆ. ಕಾಲು ಕಳಚಿ ಬಿತ್ತು, ಕೆಂಪು ಆರಿದೆಯಲ್ಲ ಎಂದು ಬರಿಗೈಯಲ್ಲಿ ಎತ್ತಿಕೊಂಡೆ. ನಾನೂರು ಡಿಗ್ರಿಯ ಗಾಜೂ ಮೂವತ್ತು ಡಿಗ್ರಿಯ ಗಾಜೂ ಕಣ್ಣಿಗೆ ಒಂದೇ ಎಂಬುದನ್ನು ಹೆಬ್ಬೆರಳು ಆ ಕ್ಷಣವೇ ಕಲಿತುಕೊಂಡಿತು.

ಕೊನೆಗೆ ಗಾಜಿನ ಇಷ್ಟಕ್ಕೇ ಬಿಟ್ಟು ಬಸವನಹುಳು ಮಾಡಿದೆ. ಚಿಪ್ಪಿನ ಸುರುಳಿ ತಾನಾಗಿಯೇ ಸುತ್ತಿಕೊಂಡಿತು, ಎರಡು ಕೊಂಬುಗಳಲ್ಲಿ ಒಂದು ಮಾತ್ರ ಜೋತಿತು, ಕುಲುಮೆಯಿಂದ ಇಡಿಯಾಗಿಯೇ ಹೊರಬಂತು. ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಪರವಾಗಿಲ್ಲ ಕಣ್ರೀ, ಕೊಕ್ಕರೆ ಕಾಲು ಮಡಚಿಕೊಂಡು ಎಷ್ಟು ಚೆನ್ನಾಗಿ ಮಲಗಿದೆ!” ಎಂದಳು.

ನಾನು ಹೌದೆಂದೆ.