ಐಇಎಲ್‌ಟಿಎಸ್ ಶಬ್ದಪಟ್ಟಿಗಳು ಮತ್ತು ಕನ್ನಡ ಮಾಧ್ಯಮದ ನಮ್ಮ ವಿದ್ಯಾರ್ಥಿಗಳು

ಧಾರವಾಡದಲ್ಲಿ ನನ್ನ ಬಳಿ ಐಇಎಲ್‌ಟಿಎಸ್ (ಹೊರದೇಶಕ್ಕೆ ಹೋಗುವವರ ಇಂಗ್ಲಿಷ್ ಸಾಮರ್ಥ್ಯ ಅಳೆಯುವ) ಪರೀಕ್ಷೆಗಾಗಿ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ನರ್ಸಿಂಗ್ ಪದವಿ ಮುಗಿಸಿ, ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿರುವವರು. ಅವರ ಚೀಲದಲ್ಲಿ ಸಾಮಾನ್ಯವಾಗಿ ಒಂದು ಝೆರಾಕ್ಸ್ ಪ್ರತಿ ಇರುತ್ತದೆ: ‘ಪ್ಲೆಥೊರಾ’, ‘ಮಿರಿಯಡ್’, ‘ಯುಬಿಕ್ವಿಟಸ್’ ಎಂದು ಸಾಲುಸಾಲಾಗಿ ಸಾಗುವ ಶಬ್ದಪಟ್ಟಿ. ಜೊತೆಗೆ, ಯಾವ ಶಬ್ದಕ್ಕೂ ಕನ್ನಡದ ಅರ್ಥ ಬರೆದುಕೊಳ್ಳಬಾರದೆಂಬ ಕಟ್ಟಪ್ಪಣೆಯನ್ನು ಎಲ್ಲಿಯೋ ಕೇಳಿ ಬಂದಿರುತ್ತಾರೆ. ಈ ಪಟ್ಟಿಯಿಂದ ಆಗುವ ನಷ್ಟಕ್ಕಿಂತ ಆ ಅಪ್ಪಣೆಯಿಂದ ಆಗುವ ನಷ್ಟ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಬರವಣಿಗೆ ಮತ್ತು ಮಾತು, ಈ ಎರಡೂ ಭಾಗಗಳಲ್ಲಿ ಶಬ್ದಬಳಕೆಗೆ ನಾಲ್ಕನೆಯ ಒಂದು ಪಾಲು ಅಂಕವಿದೆ. ಶಬ್ದಗಳ ವೈವಿಧ್ಯದ ಜೊತೆಗೆ ಅವು ಸಂದರ್ಭಕ್ಕೆ ಸರಿಯಾಗಿ ಒಪ್ಪುತ್ತವೆಯೇ, ಯಾವ ಶಬ್ದದೊಡನೆ ಯಾವುದು ಕೂಡಿ ಬಂದಿದೆ ಎಂಬುದನ್ನೂ ಪರೀಕ್ಷಕರು ನೋಡುತ್ತಾರೆ. ಅಪರೂಪದ ಶಬ್ದವೊಂದನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಅದರಿಂದ ಲಾಭವಿಲ್ಲ. ಝೆರಾಕ್ಸ್ ಪಟ್ಟಿಗಳಲ್ಲಿ ಬಹಳಷ್ಟು ಶಬ್ದಗಳು ಹೊರದೇಶದಲ್ಲಿ ಉನ್ನತ ವ್ಯಾಸಂಗದ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಗೆ ಓದುವವರ ಸಾಮಗ್ರಿಯಂತೆ ಕಾಣುತ್ತವೆ. ಆ ಪರೀಕ್ಷೆಯ ಉದ್ದೇಶವೇ ಬೇರೆ. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಮಂಡಳಿ ಬರವಣಿಗೆಯಲ್ಲಿ 6.5 ಬ್ಯಾಂಡ್ (ಐಇಎಲ್‌ಟಿಎಸ್ ಅಂಕದ ಮಟ್ಟ), ಓದು, ಆಲಿಸುವಿಕೆ, ಮಾತುಗಳಲ್ಲಿ ತಲಾ 7 ಬ್ಯಾಂಡ್ ಕೇಳುತ್ತದೆ. ಆ ಮಟ್ಟ ಮುಟ್ಟಲು ಬೇಕಾದದ್ದು ಸಾಮಾನ್ಯ ಶಬ್ದಗಳ ಮೇಲಿನ ಗಟ್ಟಿ ಹಿಡಿತ.

ನಮ್ಮವರು ಎಡವುವುದೂ ಸಾಮಾನ್ಯ ಶಬ್ದಗಳಲ್ಲಿಯೇ. ಕನ್ನಡದಲ್ಲಿ ತಪ್ಪು ಮಾಡುತ್ತೇವೆ, ಕೆಲಸ ಮಾಡುತ್ತೇವೆ, ನಿರ್ಧಾರ ಮಾಡುತ್ತೇವೆ, ಸ್ನಾನವನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಈ ಒಂದೇ ಕ್ರಿಯಾಪದದ ಜಾಗವನ್ನು ‘ಡು’, ‘ಮೇಕ್’, ‘ಟೇಕ್’, ‘ಹ್ಯಾವ್’ ಹಂಚಿಕೊಳ್ಳುತ್ತವೆ. ಆದ್ದರಿಂದ ‘ಮಿಸ್ಟೇಕ್’ ಎಂಬುದನ್ನು ಒಂಟಿಯಾಗಿ ಕಲಿಯದೆ ‘ಮೇಕ್ ಎ ಮಿಸ್ಟೇಕ್’ ಎಂದೇ ಕಲಿಯಬೇಕು. ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ ಎಂಬುದನ್ನು ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಶಬ್ದಗಳು ಜೊತೆಜೊತೆಯಾಗಿಯೇ ಕಿವಿಗೆ ಬಿದ್ದವು.

ಈಗ ಕನ್ನಡದ ವಿಷಯ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಶಬ್ದಪಟ್ಟಿಯಲ್ಲಿ 570 ಶಬ್ದಕುಟುಂಬಗಳಿವೆ; ಒಂದೇ ಮೂಲದಿಂದ ಬಂದ ಶಬ್ದಗಳ ಗುಂಪಿಗೆ ಶಬ್ದಕುಟುಂಬ ಎನ್ನುತ್ತಾರೆ. ಸುಮಾರು 35 ಲಕ್ಷ ಶಬ್ದಗಳ ಶೈಕ್ಷಣಿಕ ಬರಹಗಳನ್ನು ಪರಿಶೀಲಿಸಿ, ತೀರ ಸಾಮಾನ್ಯವಾದ 2,000 ಶಬ್ದಕುಟುಂಬಗಳನ್ನು ಬದಿಗಿಟ್ಟು, ಬೇರೆ ಬೇರೆ ವಿಷಯಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದಗಳನ್ನು ಆರಿಸಿದ ಪಟ್ಟಿ ಇದು. ಶೈಕ್ಷಣಿಕ ಬರಹದ ಸುಮಾರು ಶೇ. 10ರಷ್ಟು ಭಾಗವನ್ನು ಈ ಶಬ್ದಗಳೇ ತುಂಬುತ್ತವೆ. ಇದನ್ನು ಕನ್ನಡ ಮಾಧ್ಯಮದಲ್ಲಿ ಓದಿದವರ ಮುಂದೆ ಇಟ್ಟು ನೋಡಿ. ಅನಲೈಸ್ ಎಂದರೆ ವಿಶ್ಲೇಷಿಸು, ಕಾನ್ಸೆಪ್ಟ್ ಎಂದರೆ ಪರಿಕಲ್ಪನೆ, ರೇಷಿಯೊ ಎಂದರೆ ಅನುಪಾತ, ಇವಾಲ್ವ್ ಎಂದರೆ ವಿಕಾಸ ಹೊಂದು, ಡಿಸ್ಟ್ರಿಬ್ಯೂಟ್ ಎಂದರೆ ಹಂಚು, ವಿತರಿಸು. ಈ ಪರಿಕಲ್ಪನೆಗಳನ್ನು ಅವರು ತಮ್ಮ ಊರಿನ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳಲ್ಲಿ ಕನ್ನಡದಲ್ಲಿಯೇ ಕಲಿತು, ಪರೀಕ್ಷೆ ಬರೆದು ಬಂದಿದ್ದಾರೆ. ಅವರಿಗೆ ಕೊರತೆಯಿರುವುದು ಹೆಸರಿನದು ಮಾತ್ರ. ವಿಚಾರ ಆಗಲೇ ತಲೆಯಲ್ಲಿದೆ. ಕನ್ನಡದ ಅರ್ಥ ಬರೆಯಬೇಡಿ ಎನ್ನುವವರು ಈ ಹತ್ತು ವರ್ಷಗಳ ಓದನ್ನೇ ಬಾಗಿಲಾಚೆ ನಿಲ್ಲಿಸುತ್ತಾರೆ. ಗೊತ್ತಿಲ್ಲದ ಇಂಗ್ಲಿಷ್ ಶಬ್ದವನ್ನು ಇನ್ನೊಂದು ಗೊತ್ತಿಲ್ಲದ ಇಂಗ್ಲಿಷ್ ಶಬ್ದದಿಂದ ವಿವರಿಸಿದರೆ ವಿದ್ಯಾರ್ಥಿನಿಗೆ ಏನು ದಕ್ಕೀತು? ಶಬ್ದಕಲಿಕೆಯ ಬಗ್ಗೆ ದೀರ್ಘಕಾಲ ಸಂಶೋಧನೆ ಮಾಡಿದ ಪಾಲ್ ನೇಷನ್ ಅವರು ಕೂಡ ಶಬ್ದದ ಚೀಟಿಯ ಹಿಂಬದಿಯಲ್ಲಿ ಮಾತೃಭಾಷೆಯ ಅರ್ಥ ಬರೆದುಕೊಳ್ಳುವುದನ್ನು ಬೆಂಬಲಿಸುತ್ತಾರೆ. ಅರ್ಥ ಕನ್ನಡದಲ್ಲಿರಲಿ, ಉದಾಹರಣೆಯ ವಾಕ್ಯ ಇಂಗ್ಲಿಷಿನಲ್ಲಿರಲಿ, ಚೀಟಿಯನ್ನು ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಮತ್ತೆ ತಿರುವಿ ನೋಡಲಿ ಎಂದು ನಾನು ಹೇಳುತ್ತೇನೆ.

ಕಿವಿಯ ಅಭ್ಯಾಸ ಬೇರೆಯೇ ಬೇಕು. ಕನ್ನಡದಲ್ಲಿ ಬರೆದಂತೆ ಓದುವ ನಾವು ‘ಕಂಫರ್ಟೇಬಲ್’ ಎಂಬುದರ ಪ್ರತಿಯೊಂದು ಅಕ್ಷರಕ್ಕೂ ಸಮನಾದ ಒತ್ತು ಕೊಡುತ್ತೇವೆ. ಧ್ವನಿಮುದ್ರಣದಲ್ಲಿ ಅದು ‘ಕಂಫ್ಟಬಲ್’ ಎಂದು ಸರಿದುಹೋದಾಗ ಗೊತ್ತಿರುವ ಶಬ್ದವೇ ಅಪರಿಚಿತವಾಗುತ್ತದೆ. ಆಲಿಸುವಿಕೆಯ 40 ಪ್ರಶ್ನೆಗಳಲ್ಲಿ ಕಾಗುಣಿತ ತಪ್ಪಿದ ಉತ್ತರಕ್ಕೆ ಅಂಕವೂ ಇಲ್ಲ.

ಅಭ್ಯಾಸಕ್ಕೆ ವಿಷಯ ಬೇಕಾದರೆ ನಮ್ಮ ಸುತ್ತಲೇ ಬೇಕಾದಷ್ಟಿದೆ. ಐಇಎಲ್‌ಟಿಎಸ್‌ನ ‘ಅಕಾಡೆಮಿಕ್’ ಎಂಬ ಬಗೆಯ ಪರೀಕ್ಷೆಯಲ್ಲಿ, ಬರವಣಿಗೆಯ ಮೊದಲ ಭಾಗದಲ್ಲಿ ನಕ್ಷೆ ಅಥವಾ ಕೋಷ್ಟಕವನ್ನು ಕನಿಷ್ಠ 150 ಶಬ್ದಗಳಲ್ಲಿ ವಿವರಿಸಬೇಕಾಗುತ್ತದೆ. ಬ್ಯಾಡಗಿಯ ಹುಡುಗಿಯೊಬ್ಬಳಿಗೆ ಮೆಣಸಿನಕಾಯಿ ಮಾರುಕಟ್ಟೆಯ ಆವಕ ಹೆಚ್ಚಿದಾಗ ದರ ಕುಸಿಯುವುದು, ಕೆಲ ದಿನ ಸ್ಥಿರವಾಗಿ ನಿಲ್ಲುವುದು, ಮತ್ತೆ ಏರುವುದು ಚೆನ್ನಾಗಿ ಗೊತ್ತು. ಪತ್ರಿಕೆಯಲ್ಲಿ ಬರುವ ಆ ದರಗಳನ್ನೇ ನಕ್ಷೆ ಮಾಡಿ ಇಂಗ್ಲಿಷಿನಲ್ಲಿ ಬರೆಸಿದರೆ ‘ಡಿಕ್ಲೈನ್’, ‘ಫ್ಲಕ್ಚುಯೇಟ್’, ‘ರಿಮೇನ್ ಸ್ಟೇಬಲ್’ ಎಂಬ ಶಬ್ದಗಳಿಗೆ ಆಧಾರ ಸಿಗುತ್ತದೆ. ಮಾತಿನ ಪರೀಕ್ಷೆಯಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಒಂದು ಸ್ಥಳದ ಬಗ್ಗೆ ಹೇಳೆಂದರೆ, ಗದಗಿನವರು ಕಾಣದ ಪ್ಯಾರಿಸ್ಸನ್ನು ಬಾಯಿಪಾಠ ಮಾಡುವುದೇಕೆ? ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಕಂಬ, ಕೆತ್ತನೆ, ಬಾಗಿಲುವಾಡಗಳನ್ನು ವರ್ಣಿಸಲು ಬೇಕಾದ ಇಂಗ್ಲಿಷ್ ಶಬ್ದಗಳನ್ನು ಕಲಿತರೆ ಸಾಕು.

ಆ 570 ಶಬ್ದಕುಟುಂಬಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿರುವ ಕನ್ನಡ ಶಬ್ದಗಳನ್ನು ಜೋಡಿಸುವ ಕೆಲಸವನ್ನು ನಾನು ಆರಂಭಿಸಿದ್ದೇನೆ. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿಸುವ ಪ್ರೌಢಶಾಲೆಯ ಶಿಕ್ಷಕರು ಇದರಲ್ಲಿ ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ; ತರಗತಿಯಲ್ಲಿ ಮಕ್ಕಳು ನಿಜವಾಗಿ ಕೇಳಿ ಬೆಳೆದ ಶಬ್ದ ಯಾವುದೆಂದು ಅವರಿಗೇ ಹೆಚ್ಚು ಗೊತ್ತು. ಸಿದ್ಧವಾದ ಭಾಗಗಳನ್ನು ಇಲ್ಲಿಯೇ ಹಾಕುತ್ತೇನೆ, ಯಾರು ಬೇಕಾದರೂ ಮುದ್ರಿಸಿಕೊಂಡು ಹಂಚಬಹುದು.