ದಾಳ ಉರುಳೋ ಮೊದಲೇ ತೀರ್ಪು ಹೇಳಿ

ಗಲ್ಲಿ ಕ್ರಿಕೆಟ್ಟಿನಲ್ಲಿ ಚೆಂಡು ಎದುರುಮನೆ ಕಾಂಪೌಂಡಿಗೆ ಬಿದ್ದರೆ ಸಿಕ್ಸೋ ಔಟೋ ಅನ್ನೋದು ಮೊದಲ ಬಾಲ್‌ಗಿಂತ ಮುಂಚೆಯೇ ತೀರ್ಮಾನ ಆಗಿರುತ್ತೆ. ಚೆಂಡು ಬಿದ್ದ ಮೇಲೆ ತೀರ್ಮಾನಿಸೋಕೆ ಹೋದರೆ ಬ್ಯಾಟ್ ಯಾರದೋ ಅವರದೇ ಮಾತು ನಡೆಯುತ್ತೆ. ಒಬ್ಬೊಬ್ಬರೂ ಒಂದು ಪಾತ್ರ ವಹಿಸಿ, ದಾಳ ಹಾಕ್ತಾ ಕಥೆ ನಡೆಸೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲಿ ನಿಯಮದ ಪುಸ್ತಕ ದೊಡ್ಡದೋ, ಆಟ ನಡೆಸೋ ಡಿಎಂ (ಡಂಜನ್ ಮಾಸ್ಟರ್) ಕೊಡೋ ತೀರ್ಪು ದೊಡ್ಡದೋ ಅನ್ನೋ ವಾದ ಎದ್ದಾಗಲೆಲ್ಲ ಈ ವಿಷಯ ಬಿಟ್ಟುಹೋಗುತ್ತೆ. ನಾನು ತೀರ್ಪಿನ ಪಕ್ಷ. ಆದರೆ ದಾಳ ಬಿದ್ದ ಮೇಲೆ ಹುಟ್ಟೋದನ್ನ ನಾನು ತೀರ್ಪು ಅಂತ ಒಪ್ಪಲ್ಲ.

ವಾದ ಹೊಸದಲ್ಲ. 1824ರಲ್ಲಿ ಪ್ರಷ್ಯದ ಸೇನೆಗಾಗಿ ಬಂದ ಕ್ರೀಗ್‌ಶ್ಪೀಲ್ ಅನ್ನೋ ಯುದ್ಧದಾಟದಲ್ಲಿ ಪ್ರತಿ ಗುಂಡೇಟಿಗೂ ದಾಳ, ಕೋಷ್ಟಕ. ಆಟ ತೆವಳುತ್ತೆ ಅಂತ ಅಧಿಕಾರಿಗಳು ಬೇಸತ್ತರು. 1876ರಲ್ಲಿ ಪ್ರಷ್ಯದ ಸೇನಾಧಿಕಾರಿ ವೆರ್ಡಿ ದು ವೆರ್ನ್ವಾ ಕೋಷ್ಟಕ ಬದಿಗಿಟ್ಟು, ಅಂಪೈರ್ ತನ್ನ ಅನುಭವದಿಂದಲೇ ನಿರ್ಧರಿಸಲಿ ಅಂದರು. ನಮ್ಮ ಟೇಬಲ್ಲುಗಳಲ್ಲಿ ನಡೀತಿರೋದೂ ಇದೇ ಜಗ್ಗಾಟ.

ಬೆಂಗಳೂರಿನ ಭಾನುವಾರದ ಲೆಕ್ಕ ಹಾಕಿ. ವೈಟ್‌ಫೀಲ್ಡಿನಿಂದ ಒಬ್ಬರು, ರಾಜಾಜಿನಗರದಿಂದ ಒಬ್ಬರು ಬಂದು ಕೂರೋ ಹೊತ್ತಿಗೆ ಉಳಿಯೋದು ಮೂರು ಗಂಟೆ. ಐದು ಜನ, ತಲಾ 3 ನಿಮಿಷ, ಡಿಎಂಗೆ 5 ನಿಮಿಷ ಅಂದರೆ ಕಾದಾಟದ ಒಂದು ಸುತ್ತಿಗೆ 20 ನಿಮಿಷ. ನಾಲ್ಕು ಸುತ್ತಿಗೆ 80. ಸುತ್ತಿಗೆ ಒಂದೇ ಸಲ ಐದು ನಿಮಿಷ ಪುಟ ತಿರುವಿದರೂ 100 ನಿಮಿಷ, ಅರ್ಧಕ್ಕಿಂತ ಹೆಚ್ಚು ಸಂಜೆ ಒಂದೇ ಜಗಳದಲ್ಲಿ ಮುಗೀತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2003ರ 3.5 ಆವೃತ್ತಿಯಲ್ಲಿ ಒಬ್ಬನನ್ನ ಹಿಡಿದು ಅದುಮಬೇಕಾದರೆ ಮೊದಲು ಅವನಿಗೊಂದು ಪುಕ್ಕಟೆ ಹೊಡೆತ, ಆಮೇಲೆ ಮುಟ್ಟೋಕೆ ದಾಳ, ಆಮೇಲೆ ಇಬ್ಬರ ಪಟ್ಟಿನ ದಾಳ, ಅದಕ್ಕೆ ಮೈಗಾತ್ರದ ಕೂಡು-ಕಳೆ. 2014ರ ಐದನೇ ಆವೃತ್ತಿ ಅದನ್ನ ಇಬ್ಬರೂ ಒಂದೊಂದು ದಾಳ ಉರುಳಿಸೋದಕ್ಕೆ ಇಳಿಸಿತು. ಯಾರೂ ಹಳೇದನ್ನ ನೆನೆದು ಅತ್ತಿದ್ದು ಕಾಣೆ.

ಹಾಗಂತ ನಿಯಮ ಓದದವರು ಒಳ್ಳೆ ತೀರ್ಪು ಕೊಡ್ತಾರಾ? ಇಲ್ಲ. ಚಿತ್ರದುರ್ಗದಂಥ ಕೋಟೆಯ ಕಿಂಡಿ ಅಂದುಕೊಳ್ಳಿ. ಆಟಗಾರ್ತಿ ಒನಕೆ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ, ಶತ್ರುಗಳು ಒಬ್ಬೊಬ್ಬರೇ ತೂರಿ ಬರ್ತಿದಾರೆ. ಆಯುಧಗಳ ಪಟ್ಟಿಯಲ್ಲಿ ಒನಕೆ ಇಲ್ಲ. ಆದರೆ ಎರಡು ಕೈಯಲ್ಲಿ ಹಿಡಿಯೋ ದೊಡ್ಡ ದೊಣ್ಣೆ ಇದೆ, ಎಂಟು ಮುಖದ ಒಂದು ದಾಳದಷ್ಟು ಪೆಟ್ಟು. ಇಕ್ಕಟ್ಟಿನಲ್ಲಿ ತೂರೋದಕ್ಕೂ 2014ರ ಪುಸ್ತಕದಲ್ಲಿ ನಿಯಮ ಇದೆ: ತೂರುವವನು ಹೊಡೆದರೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಚಿಕ್ಕದನ್ನ ತಗೊಳ್ಳೋದು), ಅವನಿಗೆ ಹೊಡೆಯೋರಿಗೆ ಅಡ್ವಾಂಟೇಜ್ (ದೊಡ್ಡದನ್ನ ತಗೊಳ್ಳೋದು). ಆಟಗಾರ್ತಿಗೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕಿದ್ದರೆ ಸುಮ್ಮನೆ ಒಂದೇ ದಾಳಕ್ಕೆ ಶೇ. 55 ಅವಕಾಶ. ಎರಡು ದಾಳ ಹಾಕಿ ದೊಡ್ಡದನ್ನ ತಗೊಂಡರೆ ಶೇ. 80ರ ಹತ್ತಿರ. ಪುಟ ತಿರುವದೆ ಅರ್ಧ ನಿಮಿಷದಲ್ಲಿ ಮುಗೀತು. ಗೊತ್ತಿರೋ ಎರಡು ತುಂಡನ್ನ ಜೋಡಿಸೋದೇ ಇಲ್ಲಿನ ಕಸುಬು.

ತೀರ್ಪು ಕೆಡೋದು ಹೆಚ್ಚಾಗಿ ಲೆಕ್ಕದಲ್ಲಿ, ಅದರಲ್ಲೂ ದಾಳದ ಸಂಖ್ಯೆಯಲ್ಲಿ. ಐದು ಜನ ಕಾವಲುಗಾರನ ಕಣ್ಣು ತಪ್ಪಿಸಿ ಹೋಗಬೇಕು, ಒಬ್ಬೊಬ್ಬರಿಗೂ ಶೇ. 70 ಅವಕಾಶ. "ಎಲ್ಲರೂ ಹಾಕಿ, ಒಬ್ಬ ಸೋತರೂ ಸಿಕ್ಕಿಬಿದ್ದಿರಿ" ಅಂದರೆ ತಂಡ ಪಾರಾಗೋ ಅವಕಾಶ ಬರೀ ಶೇ. 17. ಡಿಎಂ ಸುಲಭ ಅಂದುಕೊಂಡಿದ್ದು ಹೆಚ್ಚೂಕಡಿಮೆ ಅಸಾಧ್ಯ ಆಗಿಹೋಯ್ತು! ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಜನ ಗೆದ್ದರೆ ಸಾಕು ಅನ್ನೋ ಗುಂಪು ಪರೀಕ್ಷೆಯ ನಿಯಮ ಹಚ್ಚಿ: ಐವರಲ್ಲಿ ಮೂವರು, ಶೇ. 84. ಗೋಡೆ ಹತ್ತೋಕೆ ಮೂರು ಸಲ ದಾಳ ಹಾಕಿಸೋದೂ ಇದೇ ತಪ್ಪು, ಶೇ. 70 ಇದ್ದದ್ದು 34ಕ್ಕೆ ಕುಸಿಯುತ್ತೆ. ಇನ್ನು "ಕಷ್ಟ ಇದೆ" ಅಂತ ಎಲ್ಲದಕ್ಕೂ 20 ಬೀಳಲೇಬೇಕು ಅಂತ ಗುರಿ ಇಡೋ ಚಾಳಿ. ಬಿದ್ದ ದಾಳಕ್ಕೆ 3 ಕೂಡಿಸಿಕೊಳ್ಳೋ ಪಾತ್ರಕ್ಕೆ 20 ಅಂದರೆ ಶೇ. 20, 15 ಅಂದರೆ ಶೇ. 45, 10 ಅಂದರೆ ಶೇ. 70. ನಿಮಗೆ ಏನೂ ತೋಚದಿದ್ದರೆ 15 ಇಡಿ.

ದಾಳ ಕೈಗೆ ಕೊಡೋ ಮೊದಲು ಎರಡು ಮಾತು ಬಾಯಿಬಿಟ್ಟು ಹೇಳಿ: ಎಷ್ಟು ಬೀಳಬೇಕು, ಬೀಳದಿದ್ದರೆ ಏನಾಗುತ್ತೆ. "15 ಬೇಕು. ತಪ್ಪಿದರೆ 30 ಅಡಿ ಕೆಳಗೆ, ಮೂರು ಆರುಮುಖದ ದಾಳದಷ್ಟು ಪೆಟ್ಟು." ಸರಾಸರಿ ಹತ್ತೂವರೆ. ಎಂಟೇ ಹಿಟ್ ಪಾಯಿಂಟಿನ (ಅಂದರೆ ಎಂಟು ಪೆಟ್ಟಿಗೇ ಬೀಳೋ) ಮಾಂತ್ರಿಕ ಅದನ್ನ ಕೇಳಿ ಹಗ್ಗ ಹುಡುಕಲಿ, ಬೇರೆ ದಾರಿ ಕೇಳಲಿ, ಹಿಂದೆ ಸರಿಯಲಿ. ಆ ಯೋಚನೆಯೇ ಆಟ. ಹೇಳದೆ ಹಾಕಿಸಿದರೆ ಆಟಗಾರನಿಗೆ ಆಯ್ಕೆ ಇತ್ತು ಅನ್ನೋದೇ ಸುಳ್ಳು. ಪಾತ್ರ ಸಾಯೋ ಹಂತಕ್ಕೆ ಬಂದಾಗ ಮಾತ್ರ ತೀರ್ಪು ಬೇಡ, ಪುಸ್ತಕದ ಅಕ್ಷರವೇ ನಡೆಯಲಿ: 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಮೂರು ಗೆದ್ದರೆ ಜೀವ ಉಳೀತು, ಮೂರು ಸೋತರೆ ಹೋಯ್ತು. ಅಲ್ಲಿ ಸಡಿಲ ಬಿಟ್ಟರೆ ಡಿಎಂಗೆ ಯಾರು ಬೇಕಾದವರು ಅನ್ನೋ ಅನುಮಾನ ಹುಟ್ಟುತ್ತೆ.

ಕೊಟ್ಟ ತೀರ್ಪನ್ನ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಲ್ಲಿ ಬರೆದಿಡಿ, ದಿನಾಂಕದ ಸಮೇತ. ಮೂರನೇ ಸಲ ಅದೇ ಪ್ರಸಂಗ ಬಂದರೆ ಅದು ನಿಮ್ಮ ಟೇಬಲ್ಲಿನ ನಿಯಮ. ಬದಲಿಸೋದಿದ್ದರೆ ಸೆಷನ್ ಮುಗಿದ ಮೇಲೆ ಎಲ್ಲರನ್ನೂ ಕೇಳಿ, ನಡುವೆ ಬೇಡ. ಚೌಕಾಬಾರ ಹಾಸಿದಾಗ, ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗೋ ಹಾಗಿದೆಯೋ ಇಲ್ಲವೋ ಅಂತ ಬಂದ ನೆಂಟರಿಗೆ ಮೊದಲೇ ಹೇಳ್ತೀವಲ್ಲ? ಟೇಬಲ್ಲಿಗೆ ಹೊಸಬರು ಬಂದ ದಿನ ಆ ನೋಟ್‌ಬುಕ್ಕನ್ನ ಹಾಗೇ ಅವರ ಕೈಗಿಡಿ.